ಪ್ರಶ್ನೆಗೆ ನಿಲ್ಲದ ಭಾಷಣವೇಕೆ?

ಫ್ಲೋರಲ್ ಪಾರ್ಕ್ ಸುತ್ತಮುತ್ತಲಿನ ನಮ್ಮ ಕುಟುಂಬಗಳು ಮಕ್ಕಳಿಗೆ ಭಾಷಣಕಲೆ ಕಲಿಸಲು ಉತ್ಸುಕವಾಗಿರುವುದು ಸಂತೋಷದ ಸಂಗತಿ. ಆದರೆ ಕೇಳುಗರನ್ನು ಒಪ್ಪಿಸಿ ಸರಕು ಮಾರುವುದೇ ಮಾತಿನ ಗುರಿಯೆಂಬ ಪಾಠವನ್ನು ನಾವು ಒಪ್ಪಲಾರೆವು. ಆಕ್ಸಿಕಾಂಟಿನ್ ಮಾತ್ರೆಯಿಂದ ಚಟದ ಅಪಾಯ ಕಡಿಮೆಯೆಂದು ಮಾರಾಟ ಪ್ರತಿನಿಧಿಗಳು ನಮ್ಮ ವೈದ್ಯಬಾಂಧವರನ್ನು ನಂಬಿಸಿದ್ದರು. ಆ ತಪ್ಪು ಪ್ರಚಾರಕ್ಕಾಗಿ ಪರ್ಡ್ಯೂ ಫ್ರೆಡರಿಕ್ ಕಂಪನಿ 2007ರಲ್ಲಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. ಅಷ್ಟರಲ್ಲಿ ಎಷ್ಟೋ ಮನೆಗಳು ಹಾಳಾಗಿದ್ದವು.

ಕರಾವಳಿಯ ಮತ್ತು ಕಾಸರಗೋಡಿನ ತಾಳಮದ್ದಳೆಯನ್ನು ನೆನೆಯೋಣ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯೂ ಇಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಯೂ ಎದುರಾಳಿಯ ಪ್ರತಿವಾದಕ್ಕೆ ಅಲ್ಲಿಯೇ ಉತ್ತರಿಸಬೇಕಿತ್ತು.

ಆದ್ದರಿಂದ ನಮ್ಮ ಸಂಘದ ಭಾಷಣ ಸ್ಪರ್ಧೆಗಳಲ್ಲಿ ಪ್ರತಿ ಮಗುವಿಗೂ ಸಭಿಕರು ಎರಡು ಪ್ರಶ್ನೆ ಕೇಳಲಿ. ಅರ್ಧದಷ್ಟು ಅಂಕ ಉತ್ತರಕ್ಕಿರಲಿ. "ನನಗೆ ತಿಳಿಯದು" ಎನ್ನುವ ಪ್ರಾಮಾಣಿಕತೆಗೂ ಅಂಕ ದೊರೆಯಲಿ. ಪೋಷಕರೇ, ಮುಂದಿನ ಸ್ಪರ್ಧೆಯಿಂದಲೇ ಇದನ್ನು ಆರಂಭಿಸೋಣ.