ಯಾವ ಅರಬ್ ದೇಶಕ್ಕೆ, ಸ್ವಾಮಿ?

‘ಇಲ್ಲಿ ಅಷ್ಟು ಕಷ್ಟ ಅನ್ಸಿದ್ರೆ ಅರಬ್ ದೇಶಕ್ಕೆ ಹೋಗ್ಲಿ ಬಿಡಿ.’

ಈ ಮಾತು ಹೇಳುವವರು ಓದು ಬರಹ ಬಾರದವರಲ್ಲ. ಇಂಜಿನಿಯರಿಂಗ್ ಮುಗಿಸಿ, ಒಂದೆರಡು ಸಲ ಆನ್‌ಸೈಟ್ ಹೋಗಿಬಂದು, ಗೂಗಲ್ ಮ್ಯಾಪ್ ಇಲ್ಲದೆ ಪಕ್ಕದ ಕ್ರಾಸಿಗೂ ಹೋಗದ ನಮ್ಮಂಥವರೇ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ, ಮಧ್ಯಾಹ್ನ ಡಬ್ಬಿ ಬಿಚ್ಚಿ ಕೂತಾಗ, ವೀಕೆಂಡ್ ಟ್ರೆಕ್ಕಿಂಗಿಗೆ ಹೋಗುವ ಕಾರಿನಲ್ಲಿ, ಎಲ್ಲ ಕಡೆಯೂ ಕೇಳಿದ್ದೇನೆ. ಹೇಳುವವರ ಮುಖದಲ್ಲಿ ಸಿಟ್ಟೇನೂ ಇರುವುದಿಲ್ಲ. ‘ಊಟ ಆಯ್ತಾ?’ ಅಂದಷ್ಟೇ ಸಲೀಸು. ನನಗೆ ಕಿರಿಕಿರಿ ಆಗೋದೇ ಆ ಸಲೀಸಿಗೆ.

ಯಾರು ಹೋಗಬೇಕಂತೆ? ದಾವಣಗೆರೆಯಲ್ಲಿ ಹುಟ್ಟಿ, ಮನೆಯಲ್ಲಿ ದಖ್ಖನಿ, ಬೀದಿಯಲ್ಲಿ ಕನ್ನಡ, ಆಫೀಸಿನಲ್ಲಿ ಇಂಗ್ಲಿಷ್ ಮಾತಾಡುವ ಹುಡುಗ. ಅವನಿಗೆ ಅರಬಿ ಬರುವುದಿಲ್ಲ. ಚಿಕ್ಕಂದಿನಲ್ಲಿ ಕುರಾನ್ ಓದಲು ಅಕ್ಷರ ಕಲಿತಿರಬಹುದು, ಅರ್ಥ ಕೇಳಿದರೆ ತಡವರಿಸುತ್ತಾನೆ. ಪುರೋಹಿತರು ಹೇಳಿಸುವ ಸಂಕಲ್ಪದ ಅರ್ಥ ಕೇಳಿದರೆ ನಾವು ತಡವರಿಸುವುದಿಲ್ಲವೇ, ಹಾಗೆ. ಸರಿ, ಹೋದ ಅಂತಲೇ ಇಟ್ಟುಕೊಳ್ಳಿ. ಕೊಲ್ಲಿ ದೇಶಗಳ ವಿಮಾನ ನಿಲ್ದಾಣದಲ್ಲಿ ನಮಾಜು ಬರುತ್ತಾ ಅಂತ ಕೇಳಿ ಒಳಗೆ ಬಿಡುವುದಿಲ್ಲ, ವೀಸಾ ಕೇಳುತ್ತಾರೆ. ನಿಮಗೂ ಅದೇ ಕ್ಯೂ, ಅವನಿಗೂ ಅದೇ ಕ್ಯೂ. ಮೂವತ್ತು ವರ್ಷ ದುಡಿದವನೂ ಕೆಲಸ ಹೋದರೆ ಗಂಟುಮೂಟೆ ಕಟ್ಟಬೇಕು. ಮುಸ್ಲಿಮ್ ಅನ್ನುವ ಒಂದೇ ಕಾರಣಕ್ಕೆ ಕರೆದು ಪೌರತ್ವ ಕೊಡುವ ಅರಬ್ ದೇಶ ಒಂದೂ ಇಲ್ಲ.

ಜಗತ್ತಿನ ಮುಸ್ಲಿಮರಲ್ಲಿ ಅರಬ್ಬರು ಸುಮಾರು ಐದರಲ್ಲಿ ಒಬ್ಬರು, ಅಷ್ಟೇ. ಅತಿ ಹೆಚ್ಚು ಮುಸ್ಲಿಮರಿರುವ ಸಾಲಿನಲ್ಲಿ ಮುಂದೆ ನಿಲ್ಲುವ ಇಂಡೋನೇಷ್ಯಾ, ಪಾಕಿಸ್ತಾನ, ಭಾರತ, ಬಾಂಗ್ಲಾದೇಶ ಯಾವುದೂ ಅರಬ್ ಅಲ್ಲ. 20 ಕೋಟಿಗೂ ಹೆಚ್ಚು ಮುಸ್ಲಿಮರಿರುವ ಇಂಡೋನೇಷ್ಯಾದ ಸರ್ಕಾರಿ ವಿಮಾನ ಸಂಸ್ಥೆಯ ಹೆಸರು ಗರುಡ. ಇರಾನಿನವರನ್ನು ಅರಬ್ಬರು ಅಂತ ಕರೆದು ನೋಡಿ, ಮುಖ ಕೆಂಪಾಗುತ್ತೆ. ಅವರ ಪಾರ್ಸಿ ಭಾಷೆ ಅರಬಿಯ ಕುಲದ್ದಲ್ಲ, ಸಂಸ್ಕೃತದ ನೆಂಟ. ಪಕ್ಕದ ಇರಾಕಿನ ಜೊತೆ 1980ರಿಂದ 1988ರವರೆಗೆ ಎಂಟು ವರ್ಷ ರಕ್ತ ಹರಿಸಿದ್ದಾರೆ. ‘ಅವರೆಲ್ಲಾ ಒಂದೇ ಕಣ್ರೀ’ ಅನ್ನುವವರು ಆ ಯುದ್ಧದಲ್ಲಿ ಸತ್ತವರ ಲೆಕ್ಕ ತೆಗೆದು ನೋಡಲಿ.

ಇದರ ಉಲ್ಟಾ ಭಾಗ ಇನ್ನೂ ಸ್ವಾರಸ್ಯದ್ದು. ಎರಡು ವರ್ಷ ದುಬೈನಲ್ಲಿದ್ದೆ. ನಮ್ಮ ಟೀಮಿನಲ್ಲಿ ಲೆಬನಾನಿನ ಒಬ್ಬಾಕೆ ಇದ್ದಳು. ಕುತ್ತಿಗೆಯಲ್ಲಿ ಪುಟ್ಟ ಶಿಲುಬೆ, ಬಾಯಲ್ಲಿ ದಿನಕ್ಕೆ ಇಪ್ಪತ್ತು ಸಲ ‘ಇನ್ಶಾ ಅಲ್ಲಾ’, ‘ಅಲ್‌ಹಮ್ದುಲಿಲ್ಲಾ’. ನಮ್ಮ ಕಡೆಯ ಒಬ್ಬ ಸಹೋದ್ಯೋಗಿ ತಡೆಯಲಾರದೆ ಕೇಳಿಯೇಬಿಟ್ಟ: ‘ನೀವು ಕನ್ವರ್ಟ್ ಆದವರಾ?’ ಆಕೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಯಾವುದರಿಂದ ಯಾವುದಕ್ಕೆ? ಅವಳ ಪೂರ್ವಜರು ಕ್ರೈಸ್ತರಾದದ್ದು ಇಸ್ಲಾಂ ಹುಟ್ಟುವುದಕ್ಕಿಂತ ಮೊದಲು. ಅರಬಿಯಲ್ಲಿ ದೇವರಿಗೆ ಅಲ್ಲಾಹ್ ಅನ್ನುತ್ತಾರೆ, ಅವಳೂ ಅನ್ನುತ್ತಾಳೆ. ಅರಬಿ ಬೈಬಲ್ಲಿನ ಮೊದಲ ವಾಕ್ಯದಲ್ಲೇ ಆ ಪದ ಇದೆ. ಯೇಸು ಹುಟ್ಟಿದ ಬೆತ್ಲೆಹೆಮ್ಮಿನಲ್ಲಿ ಇವತ್ತಿಗೂ ಅರಬಿ ಮಾತಾಡುವ ಕ್ರೈಸ್ತರು ಆ ಪದದಲ್ಲೇ ಪ್ರಾರ್ಥಿಸುತ್ತಾರೆ. ಕ್ಯಾಥೊಲಿಕ್ಕರ ಮಾಲ್ಟಾ ದ್ವೀಪದಲ್ಲೂ ದೇವರು ‘ಅಲ್ಲಾ’.

ಲೆಬನಾನಿನಲ್ಲಿ ಅಧ್ಯಕ್ಷ ಮಾರೊನೈಟ್ ಕ್ರೈಸ್ತನೇ ಆಗಿರಬೇಕು, ಪ್ರಧಾನಿ ಸುನ್ನಿ, ಸ್ಪೀಕರ್ ಶಿಯಾ. 1943ರಿಂದ ನಡೆದುಬಂದ ಒಪ್ಪಂದ ಅದು. (ಸೌಹಾರ್ದದ ಸ್ವರ್ಗ ಅಂದುಕೊಳ್ಳಬೇಡಿ. ಅದೇ ಲೆಬನಾನ್ 1975ರಿಂದ 15 ವರ್ಷ ಒಳಜಗಳದಲ್ಲಿ ಸುಟ್ಟುಹೋಯಿತು.) ನಿಮ್ಮ ಪುಸ್ತಕದ ಕಪಾಟಿನಲ್ಲಿ ಗಿಬ್ರಾನನ ‘ಪ್ರವಾದಿ’ ಇದ್ದರೆ ಅದನ್ನು ಬರೆದವನು ಆ ಮಾರೊನೈಟರ ಮನೆಯ ಹುಡುಗ. ಸಿರಿಯಾ, ಇರಾಕುಗಳನ್ನು ದಶಕಗಟ್ಟಲೆ ಆಳಿದ ಬಾತ್ ಪಕ್ಷ, ಅರಬ್ ರಾಷ್ಟ್ರೀಯತೆಯನ್ನೇ ಉಸಿರಾಡಿದ ಪಕ್ಷ, ಅದರ ಸ್ಥಾಪಕರಲ್ಲಿ ಒಬ್ಬನಾದ ಮಿಷೆಲ್ ಅಫ್ಲಕ್ ಕ್ರೈಸ್ತ ಮನೆತನದವನು. ಸದ್ದಾಮನ ಪರವಾಗಿ ಟಿವಿಯಲ್ಲಿ ವಾದಿಸುತ್ತಿದ್ದ ತಾರಿಕ್ ಅಜೀಜ್ ಕೂಡ ಕ್ರೈಸ್ತ. ಇನ್ನೂ ಹಿಂದಕ್ಕೆ ಹೋದರೆ, 9ನೇ ಶತಮಾನದ ಬಾಗ್ದಾದಿನಲ್ಲಿ ಗ್ರೀಕ್ ವೈದ್ಯಶಾಸ್ತ್ರವನ್ನು ಅರಬಿಗೆ ತಂದ ಹುನೈನ್ ಇಬ್ನ್ ಇಸ್ಹಾಕ್ ಕ್ರೈಸ್ತ. ಯಹೂದಿಗಳ ದೊಡ್ಡ ತತ್ತ್ವಜ್ಞಾನಿ ಮೈಮೊನಿಡೀಸ್ ತನ್ನ ಮುಖ್ಯ ಗ್ರಂಥ ಬರೆದದ್ದು ಅರಬಿಯಲ್ಲಿ.

ಹೀಗಿರುವಾಗ ಮಲೇಷ್ಯಾದಲ್ಲಿ ನಡೆದದ್ದನ್ನು ನೋಡಿ. ಅಲ್ಲಿನ ಒಂದು ಕ್ಯಾಥೊಲಿಕ್ ಪತ್ರಿಕೆ ಮಲಯ್ ಭಾಷೆಯ ಪುಟಗಳಲ್ಲಿ ‘ಅಲ್ಲಾಹ್’ ಪದ ಬಳಸುತ್ತಿತ್ತು. ಅದು ಮುಸ್ಲಿಮರ ಪದ, ಬೇರೆಯವರು ಮುಟ್ಟಬಾರದು ಅಂತ ಗಲಾಟೆ. 2013ರಲ್ಲಿ ಮೇಲ್ಮನವಿ ನ್ಯಾಯಾಲಯ ಪತ್ರಿಕೆಯ ವಿರುದ್ಧ ತೀರ್ಪು ಕೊಟ್ಟಿತು, ಮರುವರ್ಷ ಅತ್ಯುನ್ನತ ನ್ಯಾಯಾಲಯ ಮೇಲ್ಮನವಿಗೆ ಅನುಮತಿಯನ್ನೇ ಕೊಡಲಿಲ್ಲ. ಅರಬ್ಬರ ಕ್ರೈಸ್ತರು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಬಳಸಿದ ಪದವನ್ನು, ಅರಬ್ಬರೇ ಅಲ್ಲದ ಮುಸ್ಲಿಮರು ತಮ್ಮ ಹೆಸರಿಗೆ ಖಾತೆ ಮಾಡಿಸಿಕೊಂಡರು! ಮುಸ್ಲಿಮ್ ಅಂದ್ರೆ ಅರಬ್, ಅರಬ್ ಅಂದ್ರೆ ಮುಸ್ಲಿಮ್ ಅನ್ನುವ ಗೊಂದಲ ಬರೀ ನಮ್ಮ ವಾಟ್ಸಾಪ್ ಮಾವಂದಿರ ಆಸ್ತಿಯಲ್ಲ ಅನ್ನುವುದಕ್ಕೆ ಇಷ್ಟು ಹೇಳಿದೆ.

ಈ ಗೊಂದಲ ನಮ್ಮ ಮುಸ್ಲಿಮ್ ಗೆಳೆಯರಲ್ಲೂ ಇದೆ, ಹೇಳಿದರೆ ಬೇಜಾರು ಮಾಡ್ಕೋತಾರೆ, ಮಾಡ್ಕೊಳ್ಳಲಿ. ಅಜ್ಜಿ ಬಾಯಿತುಂಬ ‘ಖುದಾ ಹಾಫಿಜ್’ ಅಂತಿದ್ದರು, ಮೊಮ್ಮಗ ಅದನ್ನು ‘ಅಲ್ಲಾ ಹಾಫಿಜ್’ ಅಂತ ತಿದ್ದುತ್ತಾನೆ, ಖುದಾ ಅನ್ನೋದು ಪಾರ್ಸಿ ಪದ ಅನ್ನುವ ಕಾರಣಕ್ಕೆ. ರಂಜಾನ್ ಹೋಗಿ ರಮದಾನ್ ಬಂತು. ಉಚ್ಚಾರಣೆ ಅವರವರ ಇಷ್ಟ. ಆದರೆ ಅರಬ್ಬರ ಹಾಗೆ ಇದ್ದರೇ ಶುದ್ಧ ಮುಸ್ಲಿಮ್ ಅನ್ನುವವರು ಅರಬ್ಬರನ್ನು ಪೂರ್ತಿಯಾಗಿ ಅನುಸರಿಸುತ್ತಾರಾ? ಒಂದೇ ಉಸಿರಿನಲ್ಲಿ ಮೂರು ಸಲ ತಲಾಖ್ ಅಂದರೂ ಅದು ಒಂದೇ ತಲಾಖ್ ಎಂದು ಈಜಿಪ್ಟ್ ಕಾನೂನು ಮಾಡಿದ್ದು 1929ರಲ್ಲಿ. ನಮ್ಮಲ್ಲಿ ಅದು ಅಸಿಂಧು ಎನ್ನಲು ಸುಪ್ರೀಂ ಕೋರ್ಟಿಗೆ 2017 ಬರಬೇಕಾಯಿತು. ಅಲ್ಲಿಯೂ ಮುಸ್ಲಿಮ್ ವೈಯಕ್ತಿಕ ಕಾನೂನು ಮಂಡಳಿ ಕೋರ್ಟು ಇದರಲ್ಲಿ ಕೈಹಾಕಬಾರದು ಎಂದೇ ವಾದಿಸಿತು. ಟುನೀಷಿಯಾ ಬಹುಪತ್ನಿತ್ವ ನಿಷೇಧಿಸಿದ್ದು 1956ರಲ್ಲಿ, ನಮ್ಮ ಹಿಂದೂ ವಿವಾಹ ಕಾಯ್ದೆ ಬಂದ ಮರುವರ್ಷ. ನಾಲ್ಕು ಮದುವೆಯ ಜೋಕು ಫಾರ್ವರ್ಡ್ ಮಾಡುವವರಿಗೂ, ಅದು ದೇವರ ಆಜ್ಞೆ, ಮುಟ್ಟೋ ಹಾಗಿಲ್ಲ ಅನ್ನುವವರಿಗೂ ಈ ಟುನೀಷಿಯಾ ಕಣ್ಣಿಗೇ ಬೀಳುವುದಿಲ್ಲ. ಇಬ್ಬರಿಗೂ ಬೇಕಾದ ಅರೇಬಿಯಾ ಒಂದೇ: ಬರೀ ಮರಳು, ಒಂಟೆ, ಕತ್ತಿ.

ಅರಬ್ ದೇಶಗಳೆಲ್ಲ ಚಿನ್ನ ಅಂತ ನಾನು ಹೇಳುತ್ತಿಲ್ಲ. ಸೌದಿಯಲ್ಲಿ ಇವತ್ತಿಗೂ ಒಂದು ಚರ್ಚ್ ಇಲ್ಲ. ಕೊಲ್ಲಿಯಲ್ಲಿ ಕೂಲಿಯವರ ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವ ಮಾಲೀಕರನ್ನು ಕಣ್ಣಾರೆ ಕಂಡಿದ್ದೇನೆ. ಆ ಕೂಲಿಯವರಲ್ಲಿ ಮುಸ್ಲಿಮರೂ ಇದ್ದರು, ಧರ್ಮ ಅವರ ಕೈ ಹಿಡಿಯಲಿಲ್ಲ. ಬಯ್ಯಬೇಕಾದದ್ದಕ್ಕೆ ಹೆಸರು ಹಿಡಿದು ಬಯ್ಯಿ. ಸೌದಿಯ ದೊರೆ ಮಾಡಿದ್ದಕ್ಕೆ ದಾವಣಗೆರೆಯ ಹುಡುಗ ಯಾಕೆ ಉತ್ತರ ಕೊಡಬೇಕು? ಹಾಸನದ ಬಾನು ಮುಷ್ತಾಕ್ 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಗೆದ್ದದ್ದು ಕನ್ನಡದಲ್ಲಿ ಬರೆದು, ರಿಯಾದಿನ ಭಾಷೆಯಲ್ಲಿ ಬರೆದಲ್ಲ.

ಇನ್ನು ಅರಬಿ ಅಂದರೆ ಮೈಲಿಗೆ ಅನ್ನುವವರಿಗೆ ಒಂದು ಕಿವಿಮಾತು. ತಾಲ್ಲೂಕು, ಜಿಲ್ಲೆ, ವಕೀಲ, ಅರ್ಜಿ, ದಾಖಲೆ, ವಸೂಲಿ ಎಲ್ಲವೂ ಅರಬಿ ಮೂಲದ ಪದಗಳು, ಪಾರ್ಸಿಯ ದಾರಿ ಹಿಡಿದು ನಮ್ಮ ಕಚೇರಿಗಳಿಗೆ ಬಂದವು. ಈ ಲೇಖನಕ್ಕೆ ನೀವು ತಕರಾರು ತೆಗೆದರೆ ಅದೂ ಅರಬಿಯೇ.

‘ಖಾಲಿ’ ಕೂಡ. ಆ ದಾವಣಗೆರೆಯ ಹುಡುಗ ನನ್ನ ಸ್ನೇಹಿತ. ಆಫೀಸಿನ ಹತ್ತಿರ ಮನೆ ಹುಡುಕಲು ಮೂರು ವಾರ ಅವನ ಜೊತೆ ಸುತ್ತಿದ್ದೇನೆ. ಬೋರ್ಡು ನೋಡಿ ನಾನು ಫೋನ್ ಮಾಡಿದರೆ ಮನೆ ಇದೆ, ಬನ್ನಿ. ಇವನು ಹೆಸರು ಹೇಳುತ್ತಿದ್ದ ಹಾಗೇ ‘ಅಯ್ಯೋ, ನಿನ್ನೆ ತಾನೇ ಅಡ್ವಾನ್ಸ್ ಕೊಟ್ಟು ಹೋದ್ರು, ಖಾಲಿ ಇಲ್ಲ’. ಒಬ್ಬ ಯಜಮಾನರಂತೂ ಕಾಫಿ ಕೊಟ್ಟು, ಊರು ಕೇರಿ ವಿಚಾರಿಸಿ, ಬಹಳ ಪ್ರೀತಿಯಿಂದಲೇ ಹೇಳಿದರು: ‘ನಮಗೇನಿಲ್ಲಪ್ಪ, ಬೇರೆ ಬಾಡಿಗೆಯವರು ಒಪ್ಪಲ್ಲ.’ ಕೊನೆಗೆ ಅವನಿಗೆ ಮನೆ ಸಿಕ್ಕಿದ್ದು ಟ್ಯಾನರಿ ರಸ್ತೆಯ ಕಡೆ, ಸುತ್ತ ಎಲ್ಲ ಅವರದೇ ಮನೆಗಳು. ಆಫೀಸಿಗೆ ಒಂದೂವರೆ ಗಂಟೆ, ಎರಡು ಬಸ್ಸು. ಈಗ ಅದೇ ಊಟದ ಟೇಬಲ್ಲಿನ ಗೆಳೆಯರು ನನ್ನನ್ನು ಕೇಳುತ್ತಾರೆ: ‘ಅಲ್ಲ ಮಾರಾಯಾ, ಈ ಜನ ಯಾಕೆ ಯಾವಾಗ್ಲೂ ತಮ್ಮವರ ಮಧ್ಯಾನೇ ಹೋಗಿ ಸೇರ್ಕೋತಾರೆ?’