ಪರದೇಶದ ಶಾಲೆಗೆ ಹೊರಟ ಮಗಳು: ಟಿಕೇಟು ಯಾವಾಗ ತೆಗೆಸಬೇಕು?

ಸೋದರಿಯರೆ, ಈ ಸಲ ಉಪ್ಪಿನಕಾಯಿ, ಹಪ್ಪಳದ ಮಾತು ಸ್ವಲ್ಪ ಬದಿಗಿರಲಿ. ‘ಮಗಳಿಗೆ ದುಬೈ ಕಡೆ ಟೀಚರ್ ಕೆಲಸ ಸಿಕ್ಕದ, ಇಲ್ಲಿಯ ಕೆಲಸ ಈಗಲೇ ಬಿಡಿಸಬೇಕೋ, ಕಾಯಬೇಕೋ?’ ಎಂದು ಕೇಳುವ ತಾಯಂದಿರು ಈಚೆಗೆ ಹೆಚ್ಚಾಗಿದ್ದಾರೆ. ನಮ್ಮ ಆರ್.ಎಚ್. ಕ್ಯಾಂಪಿನಲ್ಲೂ ಈ ಮಾತು ಮನೆಬಾಗಿಲಿಗೇ ಬಂದಿದೆ. ಪೂರ್ವ ಬಂಗಾಳ ಬಿಟ್ಟು ಬಂದ ಕುಟುಂಬಗಳಿಗೆ ಸರ್ಕಾರ ಸಿಂಧನೂರಿನ ಹತ್ತಿರ ನೆಲೆ ಕೊಟ್ಟ ಊರು ಇದು. ಅಜ್ಜ ಅಜ್ಜಿಯರು ಗಂಟು ಹೊತ್ತುಕೊಂಡು ಬಂದರು, ಮೊಮ್ಮಕ್ಕಳು ಬಿ.ಎಡ್. ಮುಗಿಸಿ ವಿಮಾನ ಹತ್ತುತ್ತೇವೆ ಅನ್ನುತ್ತಾರೆ.

ಪರದೇಶಕ್ಕೆ ಪಾಠ ಹೇಳಲು ಹೋಗುವುದು ಹೊಸದೇನಲ್ಲ. ಇಥಿಯೋಪಿಯ, ನೈಜೀರಿಯಗಳ ಶಾಲೆಗಳಿಗೆ ನಮ್ಮ ದೇಶದ ಮೇಷ್ಟ್ರುಗಳು ಹಿಂದೆಯೇ ಹೋಗಿದ್ದಾರೆ. ಈಗಿನ ಹುಡುಗಿಯರ ಕಣ್ಣು ಗಲ್ಫಿನ ಇಂಡಿಯನ್ ಸ್ಕೂಲುಗಳ ಮೇಲೆ. ಅಲ್ಲಿ ಸಿ.ಬಿ.ಎಸ್.ಇ. ಪಾಠವೇ ಇರುವುದರಿಂದ ನಮ್ಮ ಬಿ.ಎಡ್.ಗೆ ಬೆಲೆ ಇದೆ. ತೊಡಕು ಇರುವುದು ತಿಂಗಳ ಲೆಕ್ಕದಲ್ಲಿ. ನಮ್ಮಲ್ಲಿ ಶಾಲೆ ತೆರೆಯುವುದು ಬೇಸಿಗೆ ರಜೆ ಮುಗಿದ ಮೇಲೆ. ಅಲ್ಲಿಯ ಇಂಡಿಯನ್ ಸ್ಕೂಲುಗಳ ವರ್ಷ ಏಪ್ರಿಲ್‌ನಲ್ಲೇ ಶುರು. ಅಂದರೆ ಇಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಗದ್ದಲ ನಡೆದಿರುವಾಗಲೇ ಅಲ್ಲಿಂದ ‘ಬಾ’ ಎಂಬ ಕರೆ ಬರುತ್ತದೆ.

ನಮ್ಮ ಓಣಿಯ ಹುಡುಗಿಗೆ ಆದದ್ದೂ ಇದೇ. ಖಾಸಗಿ ಶಾಲೆಯೊಂದರಲ್ಲಿ ಹತ್ತನೇ ಇಯತ್ತೆಗೆ ಗಣಿತ ಹೇಳುತ್ತಾಳೆ. ಜನವರಿಯಲ್ಲಿ ಶಾರ್ಜಾದಿಂದ ಆಫರ್ ಬಂತು, ಮಾರ್ಚ್ ಕೊನೆಗೆ ಹಾಜರಾಗಬೇಕೆಂದು. ಇಲ್ಲಿಯ ಆಡಳಿತದವರು ‘ಪರೀಕ್ಷೆ ಮುಗಿಯೂತನ ಬಿಟ್ಟರೆ ಅನುಭವದ ಪತ್ರ ಕೊಡಂಗಿಲ್ಲ’ ಅಂದರು. ಆ ಪತ್ರ ಇಲ್ಲದೆ ಅಲ್ಲಿ ಸಂಬಳದ ದರ್ಜೆ ಕಡಿಮೆ. ನಡುವೆ ಒಬ್ಬ ಏಜೆಂಟ್ ಬಂದು, ‘ವಿಸಿಟ್ ವೀಸಾದಾಗ ಈಗ ಹೋಗ್ಲಿ, ಅಲ್ಲಿ ಬದಲಿ ಮಾಡಿಸೋಣು’ ಎಂದು ದೊಡ್ಡ ಮೊತ್ತ ಕೇಳಿದ. ತಾಯಿ ಬಳೆ ಅಡವಿಡಲು ಸಿದ್ಧಳಾಗಿದ್ದಳು. ಹುಡುಗಿ ನನ್ನ ಅಡಿಗೆಮನೆಗೆ ಬಂದು ಕೂತು, ‘ಕಾಕಿ, ನನ್ನ ನಲವತ್ತು ಮಕ್ಕಳನ್ನ ಪರೀಕ್ಷೆ ಮುಂದ ಬಿಟ್ಟು ಹೆಂಗ ಹೋಗ್ಲಿ? ಹೋಗದಿದ್ರ ಇಂಥ ಕೆಲಸ ಮತ್ತ ಸಿಗತದೇನು?’ ಅಂದಳು.

ಮೊದಲು ಏಜೆಂಟನ ಮಾತು. ವಿಸಿಟ್ ವೀಸಾದಲ್ಲಿ ಹೋಗಿ ಕೆಲಸ ಮಾಡುವುದು ಆ ದೇಶದಲ್ಲಿ ಕಾನೂನಿಗೆ ವಿರುದ್ಧ. ಸಿಕ್ಕಿಬಿದ್ದರೆ ತಿರುಗಿ ಕಳಿಸುತ್ತಾರೆ, ಮತ್ತೆ ಹೋಗುವ ದಾರಿಯೂ ಮುಚ್ಚಬಹುದು. ಯು.ಎ.ಇ.ಯ 2021ರ ಕಾರ್ಮಿಕ ಕಾನೂನಿನಂತೆ ನೇಮಕದ ಖರ್ಚನ್ನು ಕೆಲಸಗಾರರಿಂದ ವಸೂಲು ಮಾಡುವಂತಿಲ್ಲ, ಅದು ಕೆಲಸ ಕೊಡುವವರ ಹೊರೆ. ನಮ್ಮ ದೇಶದಲ್ಲೂ ನೋಂದಾಯಿತ ಏಜೆಂಟರು ತೆಗೆದುಕೊಳ್ಳಬಹುದಾದ ಸೇವಾಶುಲ್ಕಕ್ಕೆ 30,000 ರೂಪಾಯಿಯ ಮಿತಿ ಇದೆ, ಮೇಲೆ ಜಿ.ಎಸ್.ಟಿ. ಮಾತ್ರ. ಏಜೆಂಟನ ಹೆಸರು ಸರ್ಕಾರದ ‘ಇ-ಮೈಗ್ರೇಟ್’ ಪಟ್ಟಿಯಲ್ಲಿದೆಯೋ ಇಲ್ಲವೋ ಮೊಬೈಲಿನಲ್ಲೇ ನೋಡಬಹುದು. ಅಲ್ಲಿ ಹೆಸರಿಲ್ಲದವನಿಗೆ ಚಹಾ ಕೊಟ್ಟು ಕಳಿಸಿರಿ, ಬಳೆ ಕೊಡಬೇಡಿರಿ.

ಇನ್ನು ದಿನಗಳ ಲೆಕ್ಕ. ಯು.ಎ.ಇ.ಯ ಕೆಲಸದ ಎಂಟ್ರಿ ಪರ್ಮಿಟ್ ಕೈಗೆ ಬಂದ ದಿನದಿಂದ 60 ದಿನದೊಳಗೆ ಆ ದೇಶಕ್ಕೆ ಕಾಲಿಡಬೇಕು. ಕಾಲಿಟ್ಟ ಮೇಲೆ ವೈದ್ಯಕೀಯ ಪರೀಕ್ಷೆ, ಗುರುತಿನ ಚೀಟಿ, ವಾಸದ ವೀಸಾ ಇವನ್ನೆಲ್ಲ ಮುಗಿಸಲು ಬೇರೆ 60 ದಿನ. ಬಹಳ ಜನ ತಿಳಿಯದೆ ‘ಬೇಗ ವೀಸಾ ಕಳಿಸ್ರಿ’ ಎಂದು ಅವಸರ ಮಾಡುತ್ತಾರೆ. ಜನವರಿ ಕೊನೆಗೇ ಪರ್ಮಿಟ್ ಬಂದುಬಿಟ್ಟರೆ ಅದರ ಅವಧಿ ಮಾರ್ಚ್ ಕೊನೆಗೆ ತೀರುತ್ತದೆ, ಪರೀಕ್ಷೆ ಇನ್ನೂ ನಡೆದಿರುತ್ತದೆ! ಹುಡುಗಿಗೆ ನಾನು ಹೇಳಿದ್ದು ಇಷ್ಟೇ: ‘ಸುಮ್ಮನ ಕೂಡಬ್ಯಾಡವ್ವ, ಆ ಶಾಲೆಯವರಿಗೆ ಇದ್ದದ್ದು ಇದ್ದ ಹಾಗೆ ಬರಿ. ಪರ್ಮಿಟ್ ಫೆಬ್ರವರಿ ಕೊನೆಗೆ ಮಾಡಿಸ್ರಿ, ಪರೀಕ್ಷೆ ಮುಗಿದ ವಾರದಾಗ ಬರ್ತೀನಿ ಅಂತ ಕೇಳು.’ ಮಕ್ಕಳನ್ನು ನಡುನೀರಿನಲ್ಲಿ ಬಿಡದ ಟೀಚರನ್ನು ಯಾವ ಹೆಡ್‌ಮಾಸ್ಟರು ಬೇಡ ಅಂತಾನೆ? ಮೂರನೆಯ ದಿನ ಉತ್ತರ ಬಂತು, ಹದಿನೈದು ದಿನ ಮುಂದಕ್ಕೆ ಹಾಕಿಕೊಟ್ಟರು. ಎಲ್ಲ ಶಾಲೆಯವರೂ ಹೀಗೆ ಒಪ್ಪುತ್ತಾರೆಂದು ಹೇಳಲಾರೆ, ಕೇಳುವುದರಲ್ಲಿ ಮಾತ್ರ ನಷ್ಟವಿಲ್ಲ. ಒಪ್ಪದಿದ್ದರೆ, ಬ್ರಿಟಿಷ್, ಅಮೆರಿಕನ್ ಪಾಠಕ್ರಮದ ಶಾಲೆಗಳು ಅಲ್ಲಿ ಆಗಸ್ಟ್ ಕೊನೆಗೆ ಶುರುವಾಗುತ್ತವೆ, ಅಲ್ಲಿ ಪ್ರಯತ್ನಿಸಬಹುದು.

ಎಲ್ಲಕ್ಕಿಂತ ಹೆಚ್ಚು ದಿನ ತಿನ್ನುವುದು ಕಾಗದಪತ್ರ. ಡಿಗ್ರಿ, ಬಿ.ಎಡ್. ಎರಡಕ್ಕೂ ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಮುದ್ರೆ, ಯು.ಎ.ಇ. ಆದರೆ ಅವರ ರಾಯಭಾರ ಕಚೇರಿಯ ಮುದ್ರೆ ಬೇಕು. ಒಮಾನಿಗೂ, 2022ರ ಡಿಸೆಂಬರ್‌ನಿಂದ ಸೌದಿಗೂ, ‘ಅಪೊಸ್ಟಿಲ್’ ಎಂಬ ಒಂದೇ ಮುದ್ರೆ ಸಾಕು. ಆದರೆ ಪ್ರೊವಿಜನಲ್ ಸರ್ಟಿಫಿಕೇಟು ಹಿಡಿದು ಹೋದರೆ ನಡೆಯುವುದು ಕಷ್ಟ, ಘಟಿಕೋತ್ಸವದ ಪದವಿಪತ್ರವೇ ಬೇಕು. ನಮ್ಮ ಕಡೆಯ ಎಷ್ಟೋ ಹುಡುಗಿಯರು ಅದನ್ನು ಕಲಬುರಗಿಯ ಗುಲ್ಬರ್ಗಾ ವಿಶ್ವವಿದ್ಯಾಲಯದಿಂದ ತೆಗೆಸಿಕೊಂಡೇ ಇರುವುದಿಲ್ಲ, ಮಾರ್ಕ್ಸ್‌ಕಾರ್ಡ್ ಇದ್ದರೆ ಸಾಕೆಂದುಕೊಳ್ಳುತ್ತಾರೆ. ಕೆಲಸ ಸಿಗಲಿ ಬಿಡಲಿ, ಅದನ್ನು ಇವತ್ತೇ ತರಿಸಿಡಿ.

ಹೆಸರಿನ ಕಥೆ ಇನ್ನೊಂದು. ನಮ್ಮ ಕ್ಯಾಂಪಿನಲ್ಲಿ ಮನೆಯ ಹೆಸರು ‘ಬಿಸ್ವಾಸ್’. ಕನ್ನಡ ಶಾಲೆಯ ಮೇಷ್ಟ್ರು ರಿಜಿಸ್ಟರಿನಲ್ಲಿ ‘ವಿಶ್ವಾಸ್’ ಎಂದು ಬರೆದರು. ಇಂಗ್ಲಿಷಿನಲ್ಲಿ ಒಂದು ‘ಬಿ’ಯಿಂದ, ಇನ್ನೊಂದು ‘ವಿ’ಯಿಂದ. ಮಂಡಲ್ ಇದ್ದದ್ದು ಒಂದು ಕಾಗದದಲ್ಲಿ ಮೊಂಡಲ್. ಕನ್ನಡದ ಮನೆಗಳಲ್ಲೂ ಇನಿಶಿಯಲ್ ಮುಂದೆ ಒಂದು ಕಡೆ, ಹಿಂದೆ ಒಂದು ಕಡೆ. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿರುವ ಅಕ್ಷರವೇ ಪಾಸ್‌ಪೋರ್ಟಿನಲ್ಲೂ ಇರುವಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಮುದ್ರೆ ಹಾಕುವ ಮೇಜಿನ ಮೇಲೆ ಕಾಗದ ತಿಂಗಳುಗಟ್ಟಲೆ ಮಲಗುತ್ತದೆ. ಪಾಸ್‌ಪೋರ್ಟಿನ ಅವಧಿ ಕನಿಷ್ಠ ಆರು ತಿಂಗಳಾದರೂ ಉಳಿದಿರಬೇಕು. ಪೊಲೀಸರು ವಿಚಾರಣೆಗೆ ಮನೆಗೆ ಬಂದಾಗ ಹುಡುಗಿ ಹಾಸ್ಟೆಲಿನಲ್ಲಿದ್ದರೆ ಮತ್ತೆ ತಡ.

ಇಷ್ಟೆಲ್ಲ ಆಗಿ, ಸಹಿಯಾದ ಕರಾರು ಮತ್ತು ಪರ್ಮಿಟ್ ಎರಡೂ ಕೈಗೆ ಬಂದ ಮೇಲೆಯೇ ಇಲ್ಲಿಯ ರಾಜೀನಾಮೆ, ಆಮೇಲೆ ಟಿಕೇಟು. ನಮ್ಮ ಕಡೆಯವರಿಗೆ ಬೆಂಗಳೂರಿಗಿಂತ ಹೈದರಾಬಾದಿನ ಶಂಷಾಬಾದ್ ನಿಲ್ದಾಣ ಹತ್ತಿರ. ರಂಜಾನ್ ತಿಂಗಳಲ್ಲಿ ಅಲ್ಲಿಯ ಕಚೇರಿಗಳು ಕಡಿಮೆ ಹೊತ್ತು ತೆರೆದಿರುತ್ತವೆ. ಆ ತಿಂಗಳು ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದಾದ್ದರಿಂದ ಕ್ಯಾಲೆಂಡರು ನೋಡಿಕೊಳ್ಳಿ. ಅಲ್ಲಿ ಹೋದಮೇಲೆ ಪಾಸ್‌ಪೋರ್ಟನ್ನು ಶಾಲೆಯವರ ಕಪಾಟಿಗೆ ಕೊಡಬೇಕಾಗಿಲ್ಲ, ಅದು ಅವಳ ಕೈಯಲ್ಲೇ ಇರಬೇಕು.

ಮದುವೆಯ ಮಾತಾಡಿಟ್ಟಿದ್ದರೆ ಇನ್ನೊಂದು ಪೇಚು. ಅಲ್ಲಿಯ ದೊಡ್ಡ ರಜೆ ಜುಲೈ, ಆಗಸ್ಟ್. ಕನ್ನಡದವರಿಗೆ ಆಷಾಢ ಆಗದು, ಬಂಗಾಳಿಯವರಿಗೆ ಭಾದ್ರ ಆಗದು. ನಡುವೆ ಸಿಗುವ ಕೆಲವು ವಾರಗಳಲ್ಲೇ ಮುಹೂರ್ತ ಹುಡುಕಬೇಕು, ಬೀಗರಿಗೆ ಮೊದಲೇ ಹೇಳಿಡಿ.

ಕಡೆಗೆ ಗಂಟಿನ ವಿಚಾರ. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳಿನ ಪುಡಿ ಧಾರಾಳವಾಗಿ ಕಟ್ಟಿಕೊಡಿ. ಗಸಗಸೆಯನ್ನು ಮಾತ್ರ ಒಂದು ಚಮಚವೂ ಇಡಬೇಡಿ. ಯು.ಎ.ಇ., ಸೌದಿಗಳಲ್ಲಿ ಅದು ನಿಷಿದ್ಧ, ಮಾದಕ ವಸ್ತುವಿನ ಸಾಲಿಗೆ ಸೇರಿಸುತ್ತಾರೆ. ನಮ್ಮ ಬಂಗಾಳಿ ಮನೆಗಳಲ್ಲಿ ‘ಪೋಸ್ತೊ’ ಇಲ್ಲದೆ ಊಟ ಇಲ್ಲ, ನಮ್ಮ ಮಸಾಲೆಪುಡಿಗಳಲ್ಲೂ ಅದು ಬೆರೆತಿರುತ್ತದೆ. ಮಗಳ ಡಬ್ಬಿಗೆ ಮಸಾಲೆ ಬೇರೆಯೇ ಕುಟ್ಟಿರಿ. ಕೊಡೀನ್ ಇರುವ ಕೆಮ್ಮಿನ ಔಷಧಿ, ಟ್ರಮಡಾಲ್ ಮಾತ್ರೆಗಳೂ ಹಾಗೆಯೇ, ಅಲ್ಲಿ ಅವಕ್ಕೆ ಮೊದಲೇ ಅನುಮತಿ ಬೇಕು. ಬ್ಯಾಗಿನ ಮೂಲೆಯಲ್ಲಿ ಹಳೆಯ ಮಾತ್ರೆ ಉಳಿದಿದೆಯೋ ಎಂದು ಹೊರಡುವ ಹಿಂದಿನ ರಾತ್ರಿ ನೀವೇ ಒಮ್ಮೆ ಕೈಯಾಡಿಸಿ ನೋಡಿರಿ.