ಒಕ್ಕಲು ಎಂಬ ಮಾತು

ಬೆಂಗಳೂರಿನವರು ಪತ್ರಿಕೆಗಳಲ್ಲಿ ‘ಬೆಂಗಳೂರಿಗರು’ ಆಗುತ್ತಾರೆ. ಚಾಮರಾಜನಗರ ಜಿಲ್ಲೆಯ ಲೊಕ್ಕನಹಳ್ಳಿಯವರಿಗೆ ಈ ‘ಇಗ’ ಒಗ್ಗದು. ‘ಲೊಕ್ಕನಹಳ್ಳಿಗ’ ಎಂದರೆ ಕಿವಿಗೆ ‘ಹಳ್ಳಿಗ’ ಎಂದಷ್ಟೇ ಬೀಳುತ್ತದೆ, ಊರು ಕೇಳಿಸುವುದಿಲ್ಲ. ಊರು ಯಾವುದೆಂದರೆ ‘ನಾವು ಲೊಕ್ಕನಳ್ಳಿಯೋರು’ ಅನ್ನುತ್ತಾರೆ, ಅಷ್ಟೇ. ಪತ್ರ-ಅರ್ಜಿಗಳಲ್ಲಿ ಅವರೇ ‘ವಾಸಿ’.

ಈ ಎರಡಕ್ಕಿಂತಲೂ ನನಗೆ ಪ್ರಿಯವಾದ ಮಾತೊಂದು ಈ ಸೀಮೆಯಲ್ಲಿದೆ: ಒಕ್ಕಲು. ಉಳುವವನೂ ಒಕ್ಕಲು, ಬಾಡಿಗೆ ಮನೆಯಲ್ಲಿರುವವನೂ ಒಕ್ಕಲು, ಒಂದು ಸಂಸಾರವೂ ಒಕ್ಕಲು. ಹಳೆಯ ಶಾಸನಗಳಲ್ಲಿ ‘ಐವತ್ತೊಕ್ಕಲು’ ಎಂದು ಬರುತ್ತದೆ. ಊರನ್ನು ಎಣಿಸುತ್ತಿದ್ದದ್ದು ತಲೆಗಳಿಂದಲ್ಲ, ಉರಿಯುವ ಒಲೆಗಳಿಂದ ಎಂದು ನನಗನ್ನಿಸುತ್ತದೆ. ಹೊಸ ಮನೆ ಹೊಕ್ಕು ಹಾಲುಕ್ಕಿಸಿದರೆ ಅದು ಮನೆಯೊಕ್ಕಲು. ಇನ್ನು ಬೆಟ್ಟದ ದೇವರಾದ ಮಾದಪ್ಪನಿಗೆ, ಅಂದರೆ ಮಾದೇಶ್ವರನಿಗೆ, ನಡೆದುಕೊಳ್ಳುವವರೆಲ್ಲ ಮಾದಪ್ಪನ ಒಕ್ಕಲು. ಕಂಸಾಳೆಯವರು ಹಾಡುವ ಕಥೆಯಲ್ಲಿ ಮಾದೇಶ್ವರ ಊರೂರು ಅಲೆದು ಒಕ್ಕಲು ಪಡೆಯುತ್ತಾನೆ; ಕಾಡಿನ ಸೋಲಿಗರ ಸಂಕಮ್ಮನೂ ಅವನಿಗೆ ಒಲಿದವಳು. ಹುಟ್ಟಿದೂರು ಯಾವುದೆಂದು ಅಲ್ಲಿ ಯಾರೂ ಕೇಳುವುದಿಲ್ಲ.

ಲೊಕ್ಕನಹಳ್ಳಿ ಮೊದಲು ಸೇರಿದ್ದ ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಆಮೇಲೆ ಮೈಸೂರಿಗೆ ಬಂತು, 1997ರಲ್ಲಿ ಚಾಮರಾಜನಗರಕ್ಕೆ ಸೇರಿತು. ಲೊಕ್ಕನಹಳ್ಳಿ ಈಗ ಹನೂರು ತಾಲ್ಲೂಕು. ವಿಳಾಸದ ಕೊನೆಯ ಸಾಲು ಇಷ್ಟು ಸಲ ಬದಲಾದರೂ ದೀಪಾವಳಿಗೆ ಮಾದಪ್ಪನ ಬೆಟ್ಟ ಹತ್ತುವ ಒಕ್ಕಲು ರಾಜ್ಯದ ಗಡಿಯ ಎರಡೂ ಕಡೆಯಿಂದ ಬರುತ್ತಲೇ ಇದೆ.

ಲೊಕ್ಕನಹಳ್ಳಿ ದಾಟಿದರೆ ಒಡೆಯರಪಾಳ್ಯ. 1970ರ ದಶಕದಲ್ಲಿ ಸರ್ಕಾರ ಅಲ್ಲಿ ಟಿಬೆಟನ್ನರಿಗೆ ಜಮೀನು ಕೊಟ್ಟಿತು. ಧೊಂಡೆನ್‌ಲಿಂಗ್ ಎಂಬ ನೆಲೆ ಎದ್ದಿತು. 1992ರಲ್ಲಿ ದಲೈ ಲಾಮಾ ಅಲ್ಲಿನ ಜೊಗ್‌ಚೆನ್ ಮಠವನ್ನು ಉದ್ಘಾಟಿಸಿದರು. ಕಾಗದದಲ್ಲಿ ಈ ಟಿಬೆಟನ್ನರು ನಿರಾಶ್ರಿತರು. ಐವತ್ತು ವರ್ಷ ಇದೇ ಮಣ್ಣಿನಲ್ಲಿ ಮುಸುಕಿನ ಜೋಳ ಬೆಳೆದು, ಮಕ್ಕಳನ್ನು ಹೆತ್ತವರನ್ನು ಒಕ್ಕಲು ಎನ್ನದೆ ಮತ್ತೇನೆನ್ನುವುದು?

ಅದೇ ಮಾತಿಗೆ ಒಂದು ಕ್ರಿಯಾಪದ ಅಂಟಿಕೊಂಡಾಗ ಎದೆ ಹಿಂಡುತ್ತದೆ: ಒಕ್ಕಲೆಬ್ಬಿಸು. ಇದೇ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯವಾದಾಗ ಒಳಗಾಡಿನ ಪೋಡುಗಳಿಂದ, ಅಂದರೆ ಹಾಡಿಗಳಿಂದ, ಸೋಲಿಗರನ್ನು ಎಬ್ಬಿಸಿದರು. ಜೇನು, ನೆಲ್ಲಿಕಾಯಿ, ದೇವರ ತಾಣ ಎಲ್ಲ ಹಿಂದೆ ಉಳಿದವು. 2006ರ ಅರಣ್ಯಹಕ್ಕು ಕಾಯ್ದೆಯಡಿ ಅವರ ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಪತ್ರ ಕೈಸೇರಿದ್ದು 2011ರಲ್ಲಿ. ಕಾಡಿನ ಮೊದಲ ಒಕ್ಕಲಿಗೆ ಅದು ನಿಮ್ಮದೂ ಹೌದೆಂದು ಹೇಳಲು ಮೂವತ್ತೇಳು ವರ್ಷ ಹಿಡಿಯಿತು.